ಈರೋಡಿನ ಬೆಂಚಿನಲ್ಲಿ ಮಾವ ಅಳಿಯ

ನಾಮಕ್ಕಲ್ಲಿನ ಮೊಟ್ಟೆ ಗೋದಾಮಿನ ಕತ್ತಲೆ ಕೋಣೆಯಲ್ಲಿ ನಾಚಿಮುತ್ತು ಒಂದೊಂದೇ ಮೊಟ್ಟೆಯನ್ನು ಬಲ್ಬಿನ ಮುಂದೆ ಹಿಡಿದು ತಿರುಗಿಸಿ ನೋಡುತ್ತಿದ್ದ. ಒಳಗೆ ಕೆಂಪು ಚುಕ್ಕೆ ಕಂಡರೆ ಎಡಗಡೆಯ ಬುಟ್ಟಿಗೆ, ತಿಳಿಯಾಗಿದ್ದರೆ ಬಲಗಡೆಯ ಟ್ರೇಗೆ. ಒಂಬತ್ತು ವರ್ಷದಿಂದ ಇದೇ ಕೆಲಸ. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೊಟ್ಟೆ ಕೆಳಗಿಟ್ಟು, ತನ್ನ ಅಂಗೈಯನ್ನೇ ಬಲ್ಬಿಗೆ ಹಿಡಿದ. ಬೆರಳ ಸಂದು ಕೆಂಪಗೆ ಹೊಳೆಯಿತು. ಅದು ಒಳ್ಳೆಯ ಕೆಂಪೋ ಕೆಟ್ಟ ಕೆಂಪೋ ಹೇಳುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ.

ಇದು ಪಾಲಕ್ಕಾಡಿನಿಂದ ತಂದುಕೊಂಡ ಭಯ. ಮೊಟ್ಟೆ ಇಳಿಸಲು ಹೋದ ಲಾರಿ ಅಲ್ಲಿ ಕೆಟ್ಟು ಎರಡು ದಿನ ನಿಂತಿತು. ಮೆಸ್ಸಿನಲ್ಲಿ ಊಟ ಬಡಿಸುತ್ತಿದ್ದ ಓಮನಾ ನಕ್ಕಳು, ಇವನೂ ನಕ್ಕ, ನಗು ಎಲ್ಲಿಗೆ ಹೋಗಿ ಮುಟ್ಟಬೇಕೋ ಅಲ್ಲಿಗೆ ಮುಟ್ಟಿತು. ಆ ಹೊತ್ತಿನಲ್ಲಿ ಅವಳು, ನಿರೋಧ್ ಇದೆಯಾ ಎಂದು ಕೇಳಿಯೂ ಇದ್ದಳು. ಇತ್ತು. ಲಾರಿ ನಿಲ್ದಾಣದಲ್ಲಿ ಏಡ್ಸ್ ಬಗ್ಗೆ ಬೀದಿ ನಾಟಕ ಆಡಿದವರು ಹಂಚಿದ್ದು ಅಂಗಿಯ ಜೇಬಿನಲ್ಲೇ ಇತ್ತು. ಹೂಂ ಎಂದರೆ ಇವನಿಗೆ ಇದೇ ಕಸುಬು ಎಂದುಕೊಂಡಾಳು ಎಂದು ನಾಚಿ, ಇಲ್ಲವೆಂದುಬಿಟ್ಟ. ಪೊಟ್ಟಣ ಮಡಿಕೆ ಕೂಡ ಮಾಸದೆ ಊರಿಗೆ ವಾಪಸು ಬಂತು.

ಬಂದ ಮಾರನೆಯ ದಿನದಿಂದಲೇ ಕೋಳಿ ಮೇವಿನ ಮೂಟೆ ತೂಗುವ ತಕ್ಕಡಿ ಹತ್ತತೊಡಗಿದ. ವಾರದಲ್ಲಿ ಒಂದು ಕಿಲೋ ಇಳಿದಿದ್ದ. ಇಳಿದದ್ದಕ್ಕೆ ಹೆದರಿ ಊಟ ಸೇರಲಿಲ್ಲ, ಊಟ ಸೇರದೆ ಇನ್ನೊಂದು ಕಿಲೋ ಇಳಿಯಿತು. ಆಮೇಲೆ ದಿನಕ್ಕೆ ಎಂಟು ಮೊಟ್ಟೆ ತಿಂದು ಹೊಟ್ಟೆ ಕೆಡಿಸಿಕೊಂಡ. ಭೇದಿಯೂ ಆ ರೋಗದ ಲಕ್ಷಣವೇ ಎಂದು ಗೋಡೆಯ ಪೋಸ್ಟರಿನಲ್ಲಿ ಓದಿ, ಮತ್ತೆ ತಕ್ಕಡಿ ಹತ್ತಿದ.

ನಾಮಕ್ಕಲ್ಲಿನಲ್ಲಿ ಪ್ರತಿ ಲಾರಿಯವನೂ ಪರಿಚಯದವನೇ, ಸೇಲಂನಲ್ಲೂ ಅಷ್ಟೇ. ಹಾಗಾಗಿ ಈರೋಡಿನ ಆಸ್ಪತ್ರೆಗೆ ಹೋದ. ಅಲ್ಲಿ ಸಲಹೆ ಹೇಳುವ ಅರುಳ್‌ಮೇರಿ ಎಂಬಾಕೆ ಎಲ್ಲ ಕೇಳಿಸಿಕೊಂಡು, ಹದಿನೈದು ದಿನಕ್ಕೇ ಬಂದರೆ ರಕ್ತದಲ್ಲಿ ಏನೂ ತಿಳಿಯುವುದಿಲ್ಲ, ಮೂರು ತಿಂಗಳು ತುಂಬಿಸಿಕೊಂಡು ಬಾ ಎಂದಳು. ಬಸುರಿಗೆ ಹೇಳಿದ ಹಾಗೆ ಹೇಳಿದಳಲ್ಲ ಎಂದು ಅವನಿಗೆ ಅವಮಾನವಾಯಿತು.

ಸರಿಯಾಗಿ ಅದೇ ವಾರ ಧಾರಾಪುರದ ಸೋದರಮಾವ ಚೆನ್ನಿಯಪ್ಪನಿಂದ ಕಾಗದ ಬಂತು: ಮಗಳು ಪೂಂಗೊಡಿಯನ್ನು ನಿನಗೇ ಕೊಡುವ ಮನಸ್ಸಿದೆ, ಹೂಂ ಅನ್ನು, ಇಲ್ಲಾ ಉಹೂಂ ಅನ್ನು. ನಾಚಿಮುತ್ತು ಐದು ವರ್ಷದಿಂದ ಕಾದಿದ್ದ ಕಾಗದ ಅದು. ಹೂಂ ಎಂದರೆ ಅವಳಿಗೆ ದ್ರೋಹ, ಉಹೂಂ ಎಂದರೆ ತನಗೆ. ತಾಯಿ ಪಾವಾಯಿ ದಿನವೂ ಅನ್ನ ಬಡಿಸುವಾಗ ಕಾಗದದ ಮಾತು ತೆಗೆಯುತ್ತಿದ್ದಳು.

"ಹುಡುಗಿ ಮೂಗು ಚಪ್ಪಟೆ ಅಂತಲೇನೋ? ನಮ್ಮ ವಂಶದ ಮೂಗೇ ಅದು. ಕನ್ನಡಿ ನೋಡ್ಕೋ."

ಬರೀತೀನಮ್ಮಾ ಎಂದು ಅವನು ತಟ್ಟೆಯಿಂದ ತಲೆ ಎತ್ತದೆ ಹೇಳುತ್ತಿದ್ದ.

ಮೂರು ತಿಂಗಳು ತುಂಬಿದ ದಿನವೇ ಈರೋಡಿನ ಬಸ್ಸು ಹತ್ತಿದ. ರಕ್ತ ಕೊಟ್ಟು ಚೀಟಿ ಹಿಡಿದು ಬೆಂಚಿನ ಮೇಲೆ ಕುಳಿತ. ಪಕ್ಕದವನು ದಪ್ಪ ಕನ್ನಡಕ ಹಾಕಿಕೊಂಡು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದ. ಹಿಡಿದಿದ್ದು ತಲೆಕೆಳಗಾಗಿ. ಪತ್ರಿಕೆ ಸ್ವಲ್ಪ ಇಳಿಯಿತು. ಅದರ ಹಿಂದೆ ಇದ್ದವನು ಚೆನ್ನಿಯಪ್ಪ ಮಾವ.

ಇಬ್ಬರೂ ಕೈಯಲ್ಲಿದ್ದ ಚೀಟಿಯನ್ನು ಕಿಸೆಗೆ ತುರುಕಿದರು.

"ಕಣ್ಣು ತೋರಿಸೋಕೆ ಬಂದೆ ಕಣಪ್ಪಾ," ಎಂದ ಮಾವ.

"ನಾನೂ, ಮಾವಾ."

"ಕಣ್ಣಿನ ಆಸ್ಪತ್ರೆ ರಸ್ತೆ ಆ ಕಡೆ ಇದೆ ಅಳಿಯಾ."

"ಹೌದಾ ಮಾವಾ? ನೀವು ಹೊರಟ್ರಾ?"

ಇಬ್ಬರೂ ಏಳಲಿಲ್ಲ. ಕೊನೆಗೆ ಮಾವನೇ ಸೋತು ಪಿಸುಗುಟ್ಟಿದ. ಲಾರಿ ಓಡಿಸುತ್ತಿದ್ದ ಕಾಲದಲ್ಲಿ ನಾಗಪುರದ ಹತ್ತಿರ ಒಂದು ದಿನ ಬುದ್ಧಿ ಕೆಟ್ಟಿತ್ತಂತೆ. ಹನ್ನೊಂದು ವರ್ಷವಾಯಿತು. ಕಿಸೆಯಿಂದ ಆರು ಚೀಟಿ ತೆಗೆದು ತೋರಿಸಿದ. ಆರರಲ್ಲೂ ರೋಗವಿಲ್ಲವೆಂದೇ ಇತ್ತು. ಇವತ್ತಿನದು ಏಳನೆಯದು.

"ಆರು ಸಲ ಇಲ್ಲ ಅಂದಮೇಲೆ ಏಳನೇದು ಯಾಕೆ ಮಾವಾ?"

"ಆರೂ ತಪ್ಪಾಗಿದ್ರೆ?" ಎಂದು ಮಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಕಣ್ಣು ತೋರಿಸೋಕೆ ಹೋಗ್ತೀನಿ ಅಂತ ನಿಮ್ಮತ್ತೆಗೆ ಹೇಳಿ ಹೇಳಿ, ಕೊನೆಗೆ ಇದನ್ನೂ ಕೊಳ್ಳಬೇಕಾಯ್ತು. ಹಾಕ್ಕೊಂಡ್ರೆ ಮೆಟ್ಟಿಲು ಕಾಣಲ್ಲ. ಎರಡು ಸಲ ಬಿದ್ದಿದೀನಿ."

ಅತ್ತೆಗೆ ನಿಜ ಹೇಳಬಾರದಿತ್ತೇ ಎಂದು ನಾಚಿಮುತ್ತು ಮೆಲ್ಲಗೆ ಕೇಳಿದ. ಮೊದಲ ವರ್ಷ ಹೇಳಬಹುದಿತ್ತು, ಎರಡನೇ ವರ್ಷ ಕಷ್ಟವಾಯಿತು, ಈಗ ಹೇಳಿದರೆ ಹನ್ನೊಂದು ವರ್ಷ ಯಾಕೆ ಮುಚ್ಚಿಟ್ಟೆ ಅನ್ನೋದಕ್ಕೆ ಬೇರೆ ಜವಾಬು ಕೊಡಬೇಕು ಎಂದು ಮಾವ ನಿಟ್ಟುಸಿರಿಟ್ಟ.

ಅಷ್ಟರಲ್ಲಿ ಅರುಳ್‌ಮೇರಿ ನಂಬರು ಕೂಗಿದಳು. ನಾಚಿಮುತ್ತು ಒಳಗೆ ಹೋದ. ರೋಗವಿರಲಿಲ್ಲ. ಆಕೆ ಫಲಿತಾಂಶದ ಚೀಟಿ ಕೊಟ್ಟು ಅದನ್ನೇ ಎರಡು ಸಲ ಹೇಳಿದಳು, ಮತ್ತೆ ಮತ್ತೆ ಬಂದು ಕೇಳುವ ಅಗತ್ಯವಿಲ್ಲ, ಮುಂದೆ ಜೇಬಿನಲ್ಲಿದ್ದದ್ದನ್ನು ಇದೆ ಅನ್ನೋದನ್ನ ಕಲಿ ಎಂದೂ ಸೇರಿಸಿದಳು. ಓಮನಾಳಿಗೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ ಕಳಿಸು ಎಂದಳು. ಅವನು ಹೂಂ ಎಂದು ಕೈ ಮುಗಿದು, ಬಾಗಿಲ ಬದಲು ಬೀರು ತೆರೆದು, ಆಮೇಲೆ ಹೊರಗೆ ಬಂದ.

ಅವನ ಮುಖ ನೋಡಿಯೇ ಮಾವನಿಗೆ ತಿಳಿಯಿತು. ಅಳಿಯನ ಮಂಡಿ ತಟ್ಟಿದ.

"ಈ ಬೆಂಚಿನ ಮೇಲೆ ಮದುವೆ ಮಾತು ಬೇಡ. ಊರಿಗೆ ಹೋಗಿ ಹೂಂ ಅಂತ ಒಂದು ಕಾಗದ ಹಾಕು. ಚೀಟಿ ಹರಿದು ಬಿಸಾಕು. ಅವಳಿಗೆ ಯಾಕೆ ಗೊತ್ತಾಗಬೇಕು?"

ನಾಚಿಮುತ್ತು ಆ ದಪ್ಪ ಗಾಜಿನ ಹಿಂದೆ ಮೀನಿನಂತೆ ಈಜುತ್ತಿದ್ದ ಎರಡು ಒಳ್ಳೆಯ ಕಣ್ಣುಗಳನ್ನು ನೋಡಿದ. ಮಾವನ ಏಳನೆಯ ಚೀಟಿಯೂ ರೋಗವಿಲ್ಲವೆಂದೇ ಬಂದಮೇಲೆ, ಬರುತ್ತೇನೆ ಮಾವಾ ಎಂದಷ್ಟೇ ಹೇಳಿ, ಮೆಟ್ಟಿಲು ಇಳಿಯುವವರೆಗೂ ಅವನ ಕೈ ಹಿಡಿದು ಬಿಟ್ಟುಬಂದ.

ಬಸ್ ನಿಲ್ದಾಣದ ಅಂಗಡಿಯಲ್ಲಿ ಎರಡು ಲಕೋಟೆ ಕೊಂಡ. ಒಂದರಲ್ಲಿ ಪಾಲಕ್ಕಾಡಿಗೆ ನಾಲ್ಕು ಸಾಲು ಬರೆದು ಮುಗಿಸಿದ. ಇನ್ನೊಂದು ಮಾವನಿಗಲ್ಲ, ಪೂಂಗೊಡಿಗೆ. ಅದಕ್ಕೆ ಆರು ಹಾಳೆ ಕೆಟ್ಟವು. ಏಳನೆಯದರಲ್ಲಿ ಬರೆದ:

"ಪೂಂಗೊಡಿಗೆ ನಾಚಿಮುತ್ತು ಬರೆಯುವುದು. ನಿನ್ನ ಅಪ್ಪ ಕೇಳಿದ್ದಕ್ಕೆ ನನ್ನ ಉತ್ತರ ಹೂಂ. ಆದರೆ ನಿನ್ನ ಉತ್ತರಕ್ಕೆ ಮೊದಲು ಒಂದು ಸಂಗತಿ ನಿನಗೆ ತಿಳಿದಿರಬೇಕು. ಮೂರು ತಿಂಗಳ ಹಿಂದೆ ಒಬ್ಬಳ ಜೊತೆ ಇದ್ದೆ. ತಪ್ಪು ಅವಳದಲ್ಲ. ರಕ್ತ ಪರೀಕ್ಷೆ ಮಾಡಿಸಿದ್ದೇನೆ, ರೋಗವಿಲ್ಲ, ಚೀಟಿ ಇದರೊಳಗಿದೆ. ಬೈಯುವುದಿದ್ದರೆ ಬೈದು ಬರೆ. ನೀನು ಬೇಡವೆಂದರೆ, ಬೇಡವೆಂದವನು ನಾನೇ ಎಂದು ದೊಡ್ಡವರಿಗೆ ಹೇಳುತ್ತೇನೆ."

ಮಾವನ ಸುದ್ದಿ ಎತ್ತಲಿಲ್ಲ. ಅದು ಮಾವ ಬರೆಯಬೇಕಾದ ಕಾಗದ. ಮನೆಯ ವಿಳಾಸ ಬೇಡವೆಂದು, ಅವಳು ಪಾಠ ಹೇಳುವ ಧಾರಾಪುರದ ಹೊಲಿಗೆ ಶಾಲೆಯ ವಿಳಾಸ ಬರೆದ. ನಾಮಕ್ಕಲ್ಲಿನ ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಕಂಡಕ್ಟರ್, ಹತ್ತುತ್ತೀಯೋ ಇಲ್ಲವೋ ಎಂದು ಬಾಗಿಲು ಬಡಿಯುತ್ತಿದ್ದ. ನಾಚಿಮುತ್ತು ಅಂಚೆ ಪೆಟ್ಟಿಗೆಯ ಬಾಯಿಗೆ ಎರಡನ್ನೂ ಇಟ್ಟ. ಪಾಲಕ್ಕಾಡಿನದು ತಕ್ಷಣ ಬಿತ್ತು. ಧಾರಾಪುರದ್ದನ್ನು ಎರಡು ಬೆರಳು ಇನ್ನೂ ಹಿಡಿದೇ ಇದ್ದವು. ಕಂಡಕ್ಟರ್ ಸೀಟಿ ಊದಿದ. ಬೆರಳು ಬಿಟ್ಟವು.