ಸೇತುವೆ ಮುಚ್ಚಿದ್ದ ವಾರ

ಸಹಿ ಮಾಡಬೇಕಾದ ಜಾಗದ ಮೇಲೆ ಬೆರಳಿಟ್ಟುಕೊಂಡು ಬ್ಯಾಂಕಿನ ದೊಡ್ಡ ಸಾಹೇಬರು ಕಾಯುತ್ತಿದ್ದರು. ಅವಳು ಮಾತ್ರ ಮತ್ತೆ ಹಿಂದಿನ ಪುಟಕ್ಕೇ ಹೋದಳು.

"ಇನ್ನೇನು ಮೇಡಂ, ಎಲ್ಲಾ ನೋಡಿ ಆಯ್ತಲ್ಲ?"

ಬ್ಯಾಂಕಿನಲ್ಲಿ ಅವಳ ಕೆಲಸವೇ ಅನುಮಾನ ಪಡುವುದು. ದೊಡ್ಡ ಸಾಲ ಕೊಡುವ ಮುನ್ನ ದುಡ್ಡು ವಾಪಸ್ ಬರುತ್ತದೋ ಇಲ್ಲವೋ ಎಂದು ಅಳೆದು ತೂಗಿ ಒಪ್ಪಿಗೆ ಕೊಡಬೇಕು. ಬೆನ್ನ ಹಿಂದೆ ಎಲ್ಲರೂ ಅವಳನ್ನು 'ಅಡ್ಡಗಾಲು' ಎನ್ನುತ್ತಿದ್ದರು. ಅವಳಿಗದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಈಗ ಎದುರಿಗಿದ್ದದ್ದು ಊರ ಹೊರಗಿನ ಸುತ್ತುದಾರಿಯನ್ನು ಅಗಲ ಮಾಡಿ ಟೋಲ್ ರಸ್ತೆ ಕಟ್ಟುವ ಕಂಪನಿಯ ಸಾಲ. ವಾಹನಗಳು ಕಟ್ಟುವ ಟೋಲಿನಿಂದಲೇ ಅದು ತೀರಬೇಕು. ಎಷ್ಟು ವಾಹನ ಬರುತ್ತವೆಂದು ತಿಳಿಯಲು ಕಂಪನಿಯ ಸಲಹೆಗಾರ ಹೋದ ವರ್ಷ ಒಂದು ವಾರ ಆ ದಾರಿಯಲ್ಲಿ ಜನರನ್ನು ಕೂರಿಸಿ ಎಣಿಸಿದ್ದ. ಇಡೀ ಲೆಕ್ಕ ಆ ಎಣಿಕೆಯ ಮೇಲೆ ನಿಂತಿತ್ತು.

"ಎಣಿಸಿದ್ದು ಇದೇ ವಾರಾನಾ?" ಎಂದು ಪುಟದಲ್ಲಿದ್ದ ತಾರೀಖಿನ ಮೇಲೆ ಬೆರಳಿಟ್ಟು, ಎದುರು ಕೂತಿದ್ದ ಸಲಹೆಗಾರನನ್ನು ಕೇಳಿದಳು.

"ಹೌದು ಮೇಡಂ. ಲಾರಿ ಅಂದ್ರೆ ಲಾರಿ! ಸಾಲುಗಟ್ಟಿ ನಿಂತಿದ್ವು."

"ನಿಂತಿದ್ವು, ನಿಜ. ನಾನೂ ಅಲ್ಲೇ ಇದ್ದೆ. ನಮ್ಮಕ್ಕನಿಗೆ ಹೆರಿಗೆ ನೋವು. ಹಳೇ ಸೇತುವೇನ ರಿಪೇರಿಗೆ ಅಂತ ಮುಚ್ಚಿದ್ರು, ಊರಿನ ಗಾಡಿಯೆಲ್ಲಾ ಸುತ್ತುದಾರಿಗೆ ಬಂದು ಬಿದ್ದಿದ್ವು. ಆಸ್ಪತ್ರೆ ತಲುಪೋಕೆ ಆಗ್ಲಿಲ್ಲ. ಮಗು ಕಾರಲ್ಲೇ ಹುಟ್ತು. ಆ ಕಾರೂ ನಿಮ್ಮ ಎಣಿಕೇಲಿದೆ ನೋಡ್ರೀ."

ಸಲಹೆಗಾರ ಬಾಯಿಗಿಟ್ಟ ಬಿಸ್ಕತ್ತನ್ನು ಅಗಿಯುವುದನ್ನೇ ಮರೆತ.

"ಸೇತುವೆ ತೆರೆದ ಮಾರನೇ ದಿನವೇ ಎಲ್ಲಾ ವಾಪಸ್ ಹೋದ್ವು. ಬಿಟ್ಟಿ ಸೇತುವೆ ಬಿಟ್ಟು, ಕಾಸು ಕೊಟ್ಟು ಸುತ್ಕೊಂಡು ಯಾರು ಬರ್ತಾರೆ?"

"ಅದು ಮುದಿ ಸೇತುವೆ ಮೇಡಂ," ಎಂದರು ಸಾಹೇಬರು. "ಇನ್ನೊಂದೆರಡು ವರ್ಷ ಬಾಳಿದ್ರೆ ಹೆಚ್ಚು."

"ಅದು ಬೀಳ್ಲಿ ಅಂತ ಹರಕೆ ಹೊತ್ತು ಸಾಲ ಕೊಡೋದಾ ಸಾರ್?"

ಸಾಹೇಬರ ಮುಖ ಕೆಂಪಾಯಿತು. ಸಲಹೆಗಾರನನ್ನು ಹೊರಗೆ ಕಳಿಸಿ ದನಿ ತಗ್ಗಿಸಿದರು. "ನಿಮ್ಮ ಬಡ್ತಿಯ ಕಾಗದ ನನ್ನ ಮೇಜಿನ ಮೇಲಿದೆ. ಮರೆತಿಲ್ಲ ತಾನೆ?"

ಮರೆಯುವುದುಂಟೇ? ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಆಗಲೇ ಒಮ್ಮೆ ತಪ್ಪಿತ್ತು. ಅವಳ ಕೈಕೆಳಗೆ ಕೆಲಸ ಕಲಿತವರೆಲ್ಲ ಮೇಲಿನ ಮಹಡಿಯಲ್ಲಿ ಕೂತಿದ್ದರು. ಈ ಸಹಿಯೊಂದು ಬಿದ್ದರೆ ಅವಳೂ ಹತ್ತುತ್ತಾಳೆ. ಸಾಲ ಮುಳುಗಿದರೆ ಹೋಗುವುದು ಕೆಳಗೆ ಕೌಂಟರಿನ ಮುಂದೆ ಪಾಸ್‌ಬುಕ್ ಹಿಡಿದು ನಿಂತವರ ದುಡ್ಡು. ಅವಳಿಗೆ ಭಯವಾಯಿತು, ಆದರೆ ಅದಕ್ಕೂ ಮೊದಲು ಸಿಟ್ಟು ಬಂದಿತ್ತು.

"ಸೇತುವೆ ತೆರೆದಿರೋವಾಗ ಇನ್ನೊಂದ್ಸಲ ಎಣಿಸ್ಲಿ ಸಾರ್."

"ಅಷ್ಟು ಪುರುಸೊತ್ತಿಲ್ಲ."

"ಹಾಗಾದ್ರೆ ನನ್ನ ಒಪ್ಪಿಗೇನೂ ಇಲ್ಲ."

ಸಾಹೇಬರೇ ಕೊಟ್ಟ ಪೆನ್ನಿನಲ್ಲಿ, ಅವರು ಬೆರಳಿಟ್ಟಿದ್ದ ಜಾಗದಲ್ಲೇ 'ಒಪ್ಪಿಗೆ ಇಲ್ಲ. ಎಣಿಸಿದ್ದು ಸೇತುವೆ ಮುಚ್ಚಿದ್ದ ವಾರ' ಎಂದು ದಪ್ಪ ಅಕ್ಷರದಲ್ಲಿ ಬರೆದು ಸಹಿ ಮಾಡಿದಳು. ಪೆನ್ನಿನ ಮುಚ್ಚಳ ಹಾಕಿ ಅವರ ಮುಂದಿಟ್ಟಳು.

"ಹರಿದು ಹಾಕಿದ್ರೆ ಇನ್ನೊಂದು ಬರೀತೀನಿ. ನನಗೇನೂ ಕೈ ನೋಯಲ್ಲ."

ಸಂಜೆ ನೇರ ಅಕ್ಕನ ಮನೆಗೆ ಹೋದಳು. ಮನೆಯಿದ್ದದ್ದು ಹಳೇ ಸೇತುವೆಯ ಪಕ್ಕದಲ್ಲೇ.

"ಬಡ್ತಿ ಏನಾಯ್ತೇ?"

"ಹೋಯ್ತು ಕಣೇ. ನಿನ್ನ ಮಗಳೇ ನುಂಗಿದ್ಲು."

ನಡೆದದ್ದನ್ನು ಕೇಳಿ ಅಕ್ಕ ಮಗಳನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಮಗುವಿನ ಮೂಗು ಒರೆಸುತ್ತಾ, "ಹುಟ್ಟುವಾಗ್ಲೇ ದಾರೀಲಿ ಅಡ್ಡ ನಿಂತವಳು. ಥೇಟ್ ಚಿಕ್ಕಮ್ಮನ ಹಾಗೇ," ಎಂದಳು.

ಅವಳು ನಕ್ಕು ಮಗುವನ್ನು ಸೊಂಟಕ್ಕೇರಿಸಿ ಸೇತುವೆಯ ಮೇಲೆ ಹೋಗಿ ನಿಂತಳು. ಲಾರಿಯೊಂದು ಹಾದಾಗ ಚಪ್ಪಲಿಯ ಕೆಳಗೆ ನೆಲ ನಡುಗಿತು. ಅವಳು ಸರಿಯಲಿಲ್ಲ. ಮಗು ಕೈ ಬೀಸಿತು. ಚಾಲಕ ಹಾರನ್ ಒತ್ತಿದ. ಆ ಲಾರಿಯ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು ಬರುತ್ತಿತ್ತು. ಮಗು ಬೀಸುತ್ತಿದ್ದ ಕೈಯನ್ನು ಇಳಿಸಲೇ ಇಲ್ಲ.