ನಾಲಿಗೆಯ ಮೇಲೆ ಒಂದು ಚೂರು

ಗಂಟಲಮಣಿ ಮೇಲಕ್ಕೆ ಹೋಯಿತು, ಇಲ್ಲ, ಹೋಗಲಿಲ್ಲ, ಪರದೆ ಅಲ್ಲಾಡಿ ಗಂಡನ ಕತ್ತಿನ ಮೇಲೆ ನೆರಳು ಹಾಯ್ದದ್ದು ಅಷ್ಟೇ, ಚೂರು ಇನ್ನೂ ನಾಲಿಗೆಯ ಮೇಲೇ ಇದೆ, ಕಿರುಬೆರಳ ಉಗುರಿನಷ್ಟು ರೊಟ್ಟಿ, ಪಾಸ್ಟರು ಪ್ರಾರ್ಥನೆ ಮುಗಿಸಿ ಈಗತಾನೇ ಇಟ್ಟದ್ದು, ಇಟ್ಟವರೇ ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡದ್ದು, ಕಚ್ಚುವ ನಾಯಿಗೆ ಬಿಸ್ಕತ್ತು ಹಾಕಿದವರ ಹಾಗೆ, ಪಾಪ, ಹೋದ ಸಲ ಅವರ ಬಿಳಿ ನಿಲುವಂಗಿಗೆ ಆದ ಗತಿ ಅವರಿಗೆ ಮರೆತಿಲ್ಲ — ನುಂಗಿ ಮೇಷ್ಟ್ರೇ, ನುಂಗಿಬಿಡಿ, ಎಂದು ಅವಳು ತುಟಿ ಬಿಚ್ಚದೆ ಗದರಿದಳು, ಕಟ್ಟಿಕೊಂಡವನನ್ನು ಅವಳೂ ಊರಿನವರ ಹಾಗೆ ಮೇಷ್ಟ್ರೇ ಅನ್ನುವುದು, ಡ್ರಿಲ್ ಮೇಷ್ಟ್ರು, ಸೀಟಿ ಮೇಷ್ಟ್ರು, ಶಾಲೆಯ ಮೈದಾನದಲ್ಲಿ ನಿಂತು ಇವರು ಸೀಟಿ ಊದಿದರೆ ಮಕ್ಕಳು ಹಾಗಿರಲಿ, ರಸ್ತೆಯಲ್ಲಿ ಬಸ್ಸು ನಿಲ್ಲುತ್ತಿತ್ತು, ಮದುವೆಯ ದಿನ ಕೇಕಿನ ಮೇಲಂತಸ್ತನ್ನು ಒಬ್ಬರೇ ಮುಗಿಸಿ ಕೆಳಗಿನದ್ದು ಯಾರಿಗೆ ಅಂತ ಕೇಳಿದ ಆಸಾಮಿ, ಆ ಗಂಟಲಿಗೆ ಈಗ ಈ ಚೂರು ಬೆಟ್ಟ, ಅದೂ ಯಾರ ಕೈಯ ರೊಟ್ಟಿ, ಅವಳದು, ಚರ್ಚಿನಲ್ಲಿ ಯೇಸುವಿನ ದೇಹವೆಂದು ಕೊಡುವ ಸಂಸ್ಕಾರದ ರೊಟ್ಟಿ ಅವಳ ಬೇಕರಿಯಿಂದಲೇ ಹೋಗುವುದು, ಅವಳ ಒಲೆ ಬಾಯಿ ತೆರೆದರೆ ಬೀದಿಯ ಆ ತುದಿಯಲ್ಲಿ ಜುಟ್ಟು ಹಿಡಿದುಕೊಂಡಿದ್ದವರು ಜುಟ್ಟು ಬಿಟ್ಟು ಸಾಲಿನಲ್ಲಿ ಬಂದು ನಿಲ್ಲುತ್ತಾರೆ, ಅವಳ ಬನ್ನಿನ ಪರಿಮಳ ಹೊಡೆದಿದ್ದರೆ ಸತ್ತ ಲಾಜರ ಯೇಸು ಕೂಗದೆಯೇ ತಾನಾಗಿ ಸಮಾಧಿಯಿಂದ ಎದ್ದು ಬಂದು ಬೆಣ್ಣೆ ಇದೆಯೇ ಎಂದು ಕೇಳುತ್ತಿದ್ದ, ಅಂಥ ರೊಟ್ಟಿ ಇದು, ಇದನ್ನು ನುಂಗಲು ಹಿಂದೆ ಮುಂದೆ ನೋಡುವ ಗಂಡಸು ಇನ್ನೂ ಹುಟ್ಟಿಲ್ಲ, ಹುಟ್ಟಿದ್ದಾನೆ, ಇಗೋ, ದಿಂಬಿಗೊರಗಿ ಕೂತಿದ್ದಾನೆ, ತಲೆಯ ಮೇಲೆ ಒಂದು ಕೂದಲಿಲ್ಲ, ಕಣ್ಣು ಮುಚ್ಚಿದೆ, ಗಂಟಲಮಣಿ ಅಲ್ಲಾಡುತ್ತಿಲ್ಲ.

ಹೋದ ತಿಂಗಳು ಹೀಗೆಯೇ ಮಧ್ಯಾಹ್ನ, ಇದೇ ಮಂಚ, ಅತ್ತಿಗೆ ಹೀಗೆಯೇ ಬೋಗುಣಿ ಹಿಡಿದು ತಲೆದೆಸೆಯಲ್ಲಿ, ಮೇಷ್ಟ್ರ ಅಕ್ಕ ಅವರು, ಬೈಬಲ್ಲಿನಲ್ಲಿ ಇರುವುದೂ ಗೊತ್ತು ಇಲ್ಲದ್ದೂ ಗೊತ್ತು, ಆವತ್ತು ರೊಟ್ಟಿ ಇಳಿಯಿತು, ದ್ರಾಕ್ಷಾರಸ ಇಳಿಯಿತು, ಆಮೆನ್ ಅನ್ನುವಷ್ಟರಲ್ಲಿ ಎರಡೂ ಬಂದ ದಾರಿಯಲ್ಲೇ ವಾಪಸ್ಸು, ಪಾಸ್ಟರ ನಿಲುವಂಗಿಗಷ್ಟು, ಬೋಗುಣಿಗಷ್ಟು, ಕರುಳಿಗೆ ಹೊಕ್ಕ ಕ್ಯಾನ್ಸರಿಗೆ ನರದೊಳಗೆ ಇಳಿಸುವ ಔಷಧಿ ಅದು, ಕಬ್ಬಿಣವನ್ನೂ ಕಕ್ಕಿಸುತ್ತದೆ, ಆದರೆ ಅತ್ತಿಗೆ ಎದೆ ಬಡಿದುಕೊಂಡು, ಅಯೋಗ್ಯವಾಗಿ ತಿಂದರೆ ಹೀಗೇ ಕಣೇ, ಕರ್ತ ಒಳಗೆ ನಿಲ್ಲಲ್ಲ ಅಂತಾನೆ, ಎಂದು ಕೋಣೆ ತುಂಬ ಅತ್ತರು, ಅವಳು ಬೋಗುಣಿ ಹೊತ್ತು ಹಿತ್ತಿಲಿಗೆ ಹೋಗಿ ಗುಲಾಬಿಯ ಬುಡಕ್ಕೆ ಸುರಿದು ಮಣ್ಣು ಮುಚ್ಚಿದಳು, ಆ ಗಿಡ ಈಗ ಎಲೆಕೋಸಿನ ಗಾತ್ರದ ಹೂ ಬಿಡುತ್ತಿದೆ, ಬೇಕಾದವರು ಬಂದು ನೋಡಲಿ — ಆದರೆ ವಾಪಸ್ಸು ಬಂದಾಗ ಮೇಷ್ಟ್ರು ಗೋಡೆಗೆ ಮುಖ ಮಾಡಿ ಮಲಗಿದ್ದರು, ಅಕ್ಕನ ಮಾತು ಕಿವಿಗಲ್ಲ, ಎದೆಗೇ ಹೋಗಿತ್ತು, ಮುಂದಿನ ಭಾನುವಾರ ರೊಟ್ಟಿ ಬೇಡ ಅಂದರು, ಅದರ ಮುಂದಿನದೂ ಬೇಡ, ಯಾಕೆ ಎಂದು ಜಗ್ಗಿ ಕೇಳಿದಾಗ, ಶಿಲುಬೆಗೆ ಹಾಕೋ ದಿನ ಸಿಪಾಯಿಗಳು ಅವನ ಮುಖಕ್ಕೆ ಉಗುಳಿದ್ರು ಕಣೆ, ನಾನೂ ಯಾಕೆ ಉಗುಳಲಿ, ಅಂದರು, ಅದರ ಹಿಂದೆಯೇ ಇನ್ನೊಂದು ಮಾತು, ಅವನೇ ನನ್ನೊಳಗೆ ನಿಲ್ಲಲ್ಲ ಅಂದ್ಮೇಲೆ ಆ ಔಷಧಿ ಯಾಕೆ, ಮಂಗಳವಾರ ನಾನು ಆಸ್ಪತ್ರೆಗೆ ಬರಲ್ಲ, ಬಲವಂತ ಮಾಡಬೇಡ, ಡಾಕ್ಟರಮ್ಮ ಫೋನಿನಲ್ಲಿ ತಿಳಿಸಿ ಹೇಳಿದರು, ಗಡ್ಡೆ ಕುಗ್ಗುತ್ತಿದೆ, ಈಗ ನಿಲ್ಲಿಸಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ, ಮೇಷ್ಟ್ರು ಹೂಂ ಅಂದು ಫೋನು ಕೆಳಗಿಟ್ಟರು, ಹೂಂ ಅಂದರೆ ಬರಲ್ಲ ಎಂದು ಅವಳಿಗೆ ಮಾತ್ರ ಗೊತ್ತು, ಹಾಗಾಗಿ ನಿನ್ನೆ ಸಂಜೆ ಅವಳು ಹಿಟ್ಟು ನಾದುತ್ತ ಒಂದು ಮಾತು ಕಂಡುಕೊಂಡಳು, ಹಿಟ್ಟಿನ ಕೈಯಲ್ಲೇ ಬಂದು ಮಂಚದ ಪಕ್ಕ ನಿಂತು, ಮೇಷ್ಟ್ರೇ, ಕೊಟ್ಟಿಗೇಲಿ ಸಗಣಿ ವಾಸನೆ ಕುಡಿದು ಹುಟ್ಟಿದೋನು, ನಿಮ್ಮ ಬೋಗುಣಿಗೆ ಮೂಗು ಮುಚ್ಕೋತಾನಾ, ಅಂದಳು, ಮೇಷ್ಟ್ರು ಅವಳನ್ನೇ ನೋಡಿದರು, ನಗು ಬಂದ ಹಾಗಾಯಿತು, ಬರಲಿಲ್ಲ, ನಾಳೆ ಪಾಸ್ಟರಿಗೆ ಬರೋಕೆ ಹೇಳು, ಒಂದೇ ಸಲ, ನಿಂತರೆ ಮಂಗಳವಾರ ಬರ್ತೀನಿ, ನಿಲ್ಲದಿದ್ರೆ ನನ್ನ ಬಿಟ್ಬಿಡಬೇಕು, ಆಯ್ತಾ, ಅವಳು ಆಯ್ತು ಅಂದಳು, ಅಂದದ್ದು ಬಾಯಿ, ಬಿಡುವವಳು ಯಾರು, ಅವಳದು ಉಡದ ಪಟ್ಟು.

ನೋಡಪ್ಪಾ, ಎಂದು ಅವಳು ಈಗ ಮೇಲಿನವನಿಗೆ, ಮೇಲೆಲ್ಲಿ, ಈ ನಾಲಿಗೆಯ ಮೇಲೆ ಕೂತಿರುವವನಿಗೇ ಹೇಳಿದಳು, ನಾನು ಬೇಡುತ್ತಿಲ್ಲ, ಬೇಡಿ ಬೇಡಿ ಮೊಣಕಾಲು ಸವೆದಿದೆ, ಹೇಳುತ್ತಿದ್ದೇನೆ, ಇಳಿ, ಹಣ್ಣಿನ ಚೀಲ ಹಿಡಿದು ಬಂದು ಎಲ್ಲಾ ದೇವರ ಚಿತ್ತ ಅಂದವರಿಗೆ ಹಣ್ಣು ನಿಮ್ಮ ಚಿತ್ತ ಬಾಗಿಲು ನನ್ನ ಚಿತ್ತ ಎಂದು ಹೊರಗಿನ ದಾರಿ ತೋರಿಸಿದವಳು ನಾನು, ನಿನ್ನನ್ನು ಮಾತ್ರ ಹೊರಗೆ ಹಾಕಿಲ್ಲ, ಹಾಕುವುದೂ ಇಲ್ಲ, ನೀನಾಗಿ ಹೋಗುತ್ತೇನೆ ಅಂದರೂ ಬಿಡುವುದಿಲ್ಲ, ಯಾಕೋಬ ದೇವದೂತನ ಜೊತೆ ಬೆಳಗಿನ ತನಕ ಕುಸ್ತಿ ಹಿಡಿದು ತೊಡೆ ಉಳುಕಿಸಿಕೊಂಡನಂತೆ, ಪಾಪದವನು, ಅವನಿಗೆ ಹಿಟ್ಟು ನಾದಿದ ತೋಳಿರಲಿಲ್ಲ, ನನ್ನ ಕೈಗೆ ಸಿಕ್ಕಿದ್ದರೆ ಕುಂಟುತ್ತ ಮನೆಗೆ ಹೋಗುತ್ತಿದ್ದವನು ದೇವದೂತ — ಮೇಷ್ಟ್ರ ಕೆನ್ನೆ ಒಳಕ್ಕೆ ಹೋಯಿತು, ಚೂರು ಎಂಜಲಲ್ಲಿ ನೆನೆದಿರಬೇಕು, ಬಾಯಲ್ಲಿ ಹುಣ್ಣಿಲ್ಲದ ಜಾಗವಿಲ್ಲ, ಹಣೆಯ ಮೇಲೆ ಬೆವರಿನ ಸಾಲು, ಅದು ಅವಳಿಗೆ ಗೊತ್ತಿರುವ ಬೆವರು, ಹೊಟ್ಟೆ ತೊಳಸುವ ಮುಂಚಿನದ್ದು, ಅತ್ತಿಗೆಗೂ ಗೊತ್ತು, ಬರ್ತಿದೆ ಕಣೇ, ಹಿಡಿ ಹಿಡಿ, ಎಂದು ಬೋಗುಣಿಯನ್ನು ಅವಳ ಹೊಟ್ಟೆಗೇ ಒತ್ತಿದರು, ತಣ್ಣಗಿನ ಸ್ಟೀಲು, ಮೇಷ್ಟ್ರು ಕಣ್ಣು ತೆರೆದರು, ನೋಡಿದ್ದು ಅವಳನ್ನಲ್ಲ, ಬೋಗುಣಿಯನ್ನು, ಅದನ್ನು ನೋಡಿದ್ದೇ ಆ ಕಣ್ಣುಗಳು ಸೋತ ಆಟಗಾರನ ಕಣ್ಣುಗಳಾದವು, ಆಗ ಅವಳಿಗೆ ಹೊಳೆಯಿತು, ಇದೇ, ಈ ದರಿದ್ರದ ಪಾತ್ರೆಯೇ, ಮೊದಲೇ ಬಾಯಿ ತೆರೆದು ಕಾಯುತ್ತ ಕೂತರೆ ಯಾವ ಹೊಟ್ಟೆ ತಾನೇ ನಿಂತೀತು, ಅದನ್ನು ಕಿತ್ತುಕೊಂಡು ಹಿಂದಕ್ಕೆ ಎಸೆದಳು, ಆ ಸದ್ದಿಗೆ ಪಾಸ್ಟರು ಗೋಡೆಗಂಟಿದರು, ಅವಳು ಎಡಗೈ ಮೇಲೆ ಬಲಗೈ ಇಟ್ಟು ಚರ್ಚಿನಲ್ಲಿ ಮಂಡಿಯೂರಿ ರೊಟ್ಟಿಗೆ ಒಡ್ಡುತ್ತಾರಲ್ಲ ಹಾಗೆ, ಒಲೆ ಸುಟ್ಟ ಕಲೆಗಳ ಕೈಯನ್ನು ಗಂಡನ ಗದ್ದದ ಕೆಳಗೆ ಒಡ್ಡಿ ನಿಂತಳು.

ಬಂದ್ರೆ ನನ್ನ ಕೈಗೆ ಬರಲಿ, ಅಂದಳು, ಈ ಸಲ ಗಟ್ಟಿಯಾಗಿ. ಕೆಳಗೆ ಬೀಳೋಕೆ ಬಿಡಲ್ಲ. ಅವನನ್ನೂ ಬಿಡಲ್ಲ, ನಿಮ್ಮನ್ನೂ ಬಿಡಲ್ಲ. ನುಂಗಿ.

ಗಂಟಲಮಣಿ ಏರಿತು, ನೆರಳಲ್ಲ, ಏರಿತು, ನಡುವೆ ನಿಂತಿತು, ಮೇಷ್ಟ್ರ ಕಣ್ಣು ಬೋಗುಣಿ ಇದ್ದ ಜಾಗದಲ್ಲಿ ಬೋಗುಣಿ ಹುಡುಕಿ ಅವಳ ಅಂಗೈ ಕಂಡಿತು, ಇಳಿಯಿತು, ಇಳಿದದ್ದು ನಿಂತಿದೆಯೋ, ಗೊತ್ತಿಲ್ಲ, ಕೈ ಖಾಲಿ, ಇನ್ನೂ ಖಾಲಿ, ಅವಳು ಕೈ ತೆಗೆಯಲಿಲ್ಲ, ಮೇಷ್ಟ್ರು ಮೆಲ್ಲಗೆ ಮುಂದಕ್ಕೆ ಬಾಗಿದರು, ಬಂತು ಅಂದುಕೊಂಡಳು, ಬಂದದ್ದು ಅವರ ಗದ್ದ, ಅವಳ ಎರಡು ಕೈಗಳ ಒಳಗೆ, ಇಡೀ ತಲೆಯ ಭಾರ, ಭಾರವೆಲ್ಲಿ, ಉಬ್ಬಿದ ಹಿಟ್ಟಿನಷ್ಟು ಹಗುರ, ಬೆಚ್ಚಗೆ, ಅವಳ ಮಣಿಕಟ್ಟಿಗೆ ತಾಗಿಕೊಂಡೇ ಗಂಟಲಮಣಿ ಏರುತ್ತಿದೆ, ಇಳಿಯುತ್ತಿದೆ, ಏರುತ್ತಿದೆ, ಇಳಿಯುತ್ತಿದೆ