ಗುಲಾಬಿ ಬಣ್ಣದ ‘ಮರ’

ನಮ್ಮೂರು ಗಿರ್ವನ್‌ನ ಕ್ಲಬ್ಬಿನಲ್ಲಿ, ಗುರಿಚೆಂಡಿನ ಹತ್ತಿರಕ್ಕೆ ಹೋಗಿ ನಿಲ್ಲಲೆಂದು ಹುಲ್ಲಿನ ಮೇಲೆ ಉರುಳಿಸುವ ಗುಂಡಿಗೆ ಇವತ್ತಿಗೂ ‘ಮರ’ ಎಂದೇ ಹೆಸರು. ಮರ ಹೋಗಿ ರಬ್ಬರು ಬಂತು, ರಬ್ಬರು ಹೋಗಿ ಪ್ಲಾಸ್ಟಿಕ್ಕು ಬಂತು, ಹೆಸರು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ನಾನೂ ಅಂಥವನೇ. ನಲವತ್ತು ವರ್ಷ ಈ ಆಟದ ಗುಂಡುಗಳ ಕಾರ್ಖಾನೆಯಲ್ಲಿ ದುಡಿದವನು. ನೀರಿಗೆ ಹಾಕಿದರೆ ಮುಳುಗುವಂಥ ಗಟ್ಟಿ ಮರವನ್ನು ಲೇತಿಗೆ ಕೊಟ್ಟು, ಎರಡು ಪಕ್ಕದ ಆಕಾರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಮಾಡಿ, ಗುಂಡಿಗೆ ಒಂದು ಕಡೆಗೆ ವಾಲುವ ಗುಣ ತರುತ್ತಿದ್ದೆವು. ಹೊರಗಿನವರು ಒಳಗೆ ಸೀಸ ತುಂಬಿದ್ದೀರಾ ಎಂದು ಕೇಳುವುದುಂಟು. ಸೀಸವೂ ಇಲ್ಲ, ಮಣ್ಣೂ ಇಲ್ಲ. ಆಮೇಲೆ ಉದ್ದನೆಯ ಮೇಜಿನ ಮೇಲೆ ಮಾದರಿ ಗುಂಡಿನ ಜೊತೆ ಉರುಳಿಸಿ ನೋಡಿ, ಸರಿ ಬಂದರೆ ಮುದ್ರೆ ಒತ್ತುವುದು ನನ್ನ ಕೆಲಸ. ಸ್ವಂತ ತಮ್ಮನ ಗುಂಡನ್ನೂ ಮುಲಾಜಿಲ್ಲದೆ ವಾಪಸು ಕಳಿಸಿದ್ದೇನೆ. ಬಣ್ಣಬಣ್ಣದ ಗುಂಡುಗಳು ಬಂದಾಗ, ‘ಇವನ್ನು ತೊಟ್ಟಿಲಿಗೆ ಕಟ್ಟಿ’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಗುಂಡು ವಾಲುವ ಪಕ್ಕಕ್ಕೆ ಸಣ್ಣ ಬಳೆಯ ಗುರುತು, ಇನ್ನೊಂದಕ್ಕೆ ದೊಡ್ಡದು. ತಿರುವುಮುರುವಾಗಿ ಹಿಡಿದರೆ ಅದು ಗುರಿಗೆ ಬೆನ್ನು ಹಾಕಿ ಪಕ್ಕದವರ ಆಟದೊಳಕ್ಕೆ ನುಗ್ಗುತ್ತದೆ. ಆಗ ಇಡೀ ಅಂಗಳ ಹೋ ಎಂದು ನಗಬೇಕು, ಅದು ನಮ್ಮ ವಾಡಿಕೆ.

ನನ್ನ ಹೆಂಡತಿ ಈಶ್ಬೆಲ್‌ಗೆ ಕಣ್ಣಿನ ಕಾಯಿಲೆ. ಅಂಚು ಕಾಣುತ್ತದೆ, ನಡುವೆ ಬರೀ ಮಸುಕು. ಎರಡು ವರ್ಷದ ಹಿಂದೆ ಒಂದೇ ಮಧ್ಯಾಹ್ನ ಮೂರು ಸಲ ತಿರುವುಮುರುವು ಹಾಕಿದಳು. ಮೊದಲ ಸಲ ಎಲ್ಲರೂ ನಕ್ಕರು, ಎರಡನೆಯ ಸಲ ಅರ್ಧ ಜನ. ಮೂರನೆಯದಕ್ಕೆ ಯಾರೂ ನಗಲಿಲ್ಲ. ಕಾರ್ಯದರ್ಶಿ ರೋನಾ ಓಡಿಬಂದು ತೋಳು ಹಿಡಿದು, “ಪರವಾಗಿಲ್ಲ ಬಂಗಾರ, ತುಂಬಾ ಚೆನ್ನಾಗಿತ್ತು” ಅಂದಳು. ಈಶ್ಬೆಲ್ ಗುಂಡುಗಳನ್ನು ಚೀಲಕ್ಕೆ ತುಂಬಿದವಳು ಮತ್ತೆ ಹೊರಗೆ ತೆಗೆಯಲಿಲ್ಲ.

“ನಕ್ಕಿದ್ರೆ ನಾಳೆ ಹೋಗ್ತಿದ್ದೆ ಕಣೋ,” ಅಂದಳು ಮನೆಗೆ ಬಂದು. “ನಗ್ಲಿಲ್ಲ ನೋಡು.”

ಅವಳ ಗುಂಡುಗಳು ಮದುವೆಯ ವರ್ಷ ನಾನೇ ಕಡೆದ ಮರದವು. ಒರೆಸಿ ಒರೆಸಿ ಬಳೆಗಳೆಲ್ಲ ಸವೆದು ಬೆರಳಿಗೆ ಸಿಗುತ್ತಿರಲಿಲ್ಲ. ಮತ್ತೆ ಆಳವಾಗಿ ಕೊರೆದರೆ ವಾಲುವ ಗುಣವೇ ಬದಲಾಗಿ, ನನ್ನದೇ ಮುದ್ರೆ ನಾನೇ ಕೆಡಿಸಿದಂತೆ. ಕೊನೆಗೆ ಈ ಚಳಿಗಾಲ ಅವಳಿಗೆ ಹೇಳದೆ ಬಸ್ಸು ಹತ್ತಿ ಏರ್ ಪಟ್ಟಣದ ಅಂಗಡಿಗೆ ಹೋದೆ. ಕಣ್ಣು ಮುಚ್ಚಿಕೊಂಡು ಒಂದೊಂದೇ ಗುಂಡನ್ನು ಸವರಿದೆ.

“ನಿದ್ದೆ ಬಂತಾ ತಾತಾ?” ಎಂದಳು ಅಂಗಡಿಯವಳು.

“ಸುಮ್ನಿರಮ್ಮ, ಕೆಲಸ ಮಾಡ್ತಿದೀನಿ.”

ಒಂದು ಜಾತಿಯ ಗುಂಡಿನಲ್ಲಿ ವಾಲುವ ಪಕ್ಕಕ್ಕೆ ಮಾತ್ರ ಮುಳ್ಳುಹೂವಿನ ಚಿತ್ರ ಆಳವಾಗಿ ಕೊರೆದಿತ್ತು. ಹಿಡಿತಕ್ಕೆ ಸುತ್ತ ಸಣ್ಣ ಸಣ್ಣ ಗುಳಿ. ಮಾಡಿದವನು ತಿಳಿದವನೇ ಎಂದು ಹೊಟ್ಟೆಕಿಚ್ಚಾಯಿತು. ಅವಳ ಕೈಯ ಅಳತೆಗೆ ಇದ್ದದ್ದು ಮಾತ್ರ ಗುಲಾಬಿ ಬಣ್ಣದ್ದು.

ಮನೆಯಲ್ಲಿ ಅವಳು ಗುಂಡನ್ನು ಕಿಟಕಿಯ ಹತ್ತಿರ ಹಿಡಿದು, ಕತ್ತು ಓರೆ ಮಾಡಿ ನೋಡಿದಳು. “ಏನೋ ಇದು, ಗುಲಾಬಿನಾ? ನೀನು? ಜ್ವರ ಗಿರ ಬಂದಿದ್ಯಾ?”

“ಬಣ್ಣ ಬಿಡು. ಬೆರಳಿಡು.”

ಅವಳ ಹೆಬ್ಬೆರಳು ಹೂವಿನ ಮೇಲೆ ನಿಂತಿತು. ತಿರುಗಿಸಿದಳು, ಮತ್ತೆ ಹುಡುಕಿದಳು, ಮತ್ತೆ ಸಿಕ್ಕಿತು. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ.

ಚಳಿಗಾಲವೆಲ್ಲ ಮುಚ್ಚಿದ್ದ ಅಂಗಳ ಏಪ್ರಿಲ್‌ನಲ್ಲಿ ತೆರೆಯುವ ದಿನ ಸಮುದ್ರದ ಹಾಳು ಗಾಳಿ. ಅವಳು ಬರುತ್ತೇನೆಂದಳು, ಇವತ್ತೂ ಹೋದ ಸಲದಂತಾದರೆ ಇನ್ನೆಂದೂ ಬರುವುದಿಲ್ಲ ಎಂದೂ ಹೇಳಿದಳು. ನಾನು ದೂರದ ತುದಿಯಲ್ಲಿ, ಬಿಳಿಯ ಗುರಿಚೆಂಡಿನ ಪಕ್ಕ ನಿಂತೆ. ಅವಳು ಹೂವು ಹುಡುಕಿ, ಬಗ್ಗಿ, ಬಿಟ್ಟಳು. ಗುಂಡು ಹೊರಟಿತು, ಬಾಗಿತು, ಸರಿಯಾದ ಕಡೆಗೇ ಬಾಗಿತು. ಆದರೆ ಬಲ ಸಾಲದೆ ದಾರಿಯಲ್ಲೇ ನಿಂತುಬಿಟ್ಟಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. “ಅದ್ಭುತ ಬಂಗಾರ! ಗುರಿ ಪಕ್ಕದಲ್ಲೇ ಇದೆ!” ಎಂದು ನನ್ನ ಪಕ್ಕದಿಂದ ರೋನಾ ಕೂಗಿದಳು.

ಈಶ್ಬೆಲ್ ಮುಖದಲ್ಲಿ ನಗು ಬರಲಿಲ್ಲ. “ನಿನಿಯನ್, ನೀ ಹೇಳು. ಎಷ್ಟು ದೂರ?” ಎಂದು ನನ್ನನ್ನೇ ಕೇಳಿದಳು.

ರೋನಾ ನನಗೆ ಕಣ್ಸನ್ನೆ ಮಾಡಿದಳು. ಹೂಂ ಎನ್ನಲು ನನಗೂ ಆಸೆಯಾಯಿತು. ನಾನು ಸುಳ್ಳು ಹೇಳಿದರೆ ಅವಳಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

“ಎರಡು ಗಜ ಕಮ್ಮಿ!” ಎಂದು ಕಿರುಚಿದೆ. “ನಮ್ಮಜ್ಜಿ ಇದಕ್ಕಿಂತ ಜೋರಾಗಿ ಉರುಳಿಸ್ತಿದ್ಲು!”

ರೋನಾ ನನ್ನನ್ನು ಕೊಲೆಗಾರನ ಹಾಗೆ ನೋಡಿದಳು. ಆ ತುದಿಯಲ್ಲಿ ಈಶ್ಬೆಲ್ ಬಿದ್ದು ಬಿದ್ದು ನಗುತ್ತಿದ್ದಳು. ಕಣ್ಣೊರೆಸಿಕೊಂಡು ಇನ್ನೊಂದು ಗುಂಡಿಗೆ ಕೈ ಚಾಚಿದಳು.

“ಪಕ್ಕಕ್ಕೆ ಸರಿಯೋ ಮುದುಕಾ,” ಎಂದು ಕೂಗಿದಳು. “ಎರಡು ಗಜ ಜಾಸ್ತಿ ಹಾಕ್ತಿದೀನಿ, ಕಾಲಿಗೆ ಬಿದ್ದೀತು.”